‘ಕೊನೆ ಚೆನ್ನಾಗಿದೆಯೇ?’ ಎಂದು ಕೇಳುವವರಿಗೆ

ಧಾರವಾಡ–ಹುಬ್ಬಳ್ಳಿ ನಡುವೆ ಚಿಗರಿ ಬಸ್ಸಿನಲ್ಲಿ ದಿನವೂ ಓಡಾಡುವ ನಮ್ಮ ಬಳಗಕ್ಕೆ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ ನನ್ನ ಹುಚ್ಚು ಚೆನ್ನಾಗಿ ಗೊತ್ತು. ಹೀಗಾಗಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಸರ್, ಏಳು ಸೀಸನ್, 178 ಸಂಚಿಕೆ ಎನ್ನುತ್ತೀರಿ. ಅಷ್ಟೂ ನೋಡಿದ ಮೇಲೆ ಕೊನೆಯೇ ಕೆಟ್ಟಿದ್ದರೆ?’ ಧಾರಾವಾಹಿಗಳನ್ನು ನಂಬಿ ಕೆಟ್ಟವರ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ.

ಕೊನೆ ಚೆನ್ನಾಗಿದೆ. ಏಕೆಂದು ಹೇಳಬೇಕಾದರೆ ಕ್ಯೂ ಎಂಬವನ ವಿಷಯ ಎತ್ತಬೇಕು.

ಕ್ಯೂ ಮನುಷ್ಯನಲ್ಲ. ಚಿಟಿಕೆ ಹೊಡೆದು ಇಡೀ ನೌಕೆಯನ್ನು ಸಾವಿರಾರು ಜ್ಯೋತಿರ್ವರ್ಷ ಆಚೆ ಎಸೆಯಬಲ್ಲ. 1987ರ ಮೊದಲ ಸಂಚಿಕೆಯಲ್ಲೇ ನ್ಯಾಯಾಧೀಶನ ವೇಷದಲ್ಲಿ ಬಂದು, ಮನುಷ್ಯಕುಲ ಅನಾಗರಿಕ ಎಂಬ ಆರೋಪ ಹೊರಿಸಿ ನೌಕೆಯ ಕ್ಯಾಪ್ಟನ್ ಪಿಕಾರ್ಡ್‌ನನ್ನು ವಿಚಾರಣೆಗೆ ನಿಲ್ಲಿಸುತ್ತಾನೆ. ನಮ್ಮ ಜಾತ್ರೆಯ ಕಂಪನಿ ನಾಟಕದಲ್ಲಿ ಹಾಸ್ಯಗಾರ ಪರದೆಯ ಸಂದಿಯಿಂದ ಇಣುಕಿದರೆ ಸಾಕು, ತೂಕಡಿಸುತ್ತಿದ್ದವರು ಎದ್ದು ಕೂರುತ್ತಾರಲ್ಲ, ಜಾನ್ ಡಿ ಲ್ಯಾನ್ಸಿ ಈ ಪಾತ್ರದಲ್ಲಿ ಕಾಣಿಸಿಕೊಂಡಾಗಲೂ ಹಾಗೆಯೇ. ಆದರೆ ಇಡೀ ಸರಣಿಯಲ್ಲಿ ಅವನು ಬರುವುದು ಎಂಟೇ ಕಥೆಗಳಲ್ಲಿ. ಆ ಜಿಪುಣತನವೇ ಬರಹಗಾರರ ಜಾಣತನ.

1994ರ ಕೊನೆಯ ಸಂಚಿಕೆಯಲ್ಲಿ ಕ್ಯೂ ಮತ್ತೆ ಅದೇ ನ್ಯಾಯಾಲಯದಲ್ಲಿ ಕುಳಿತಿರುತ್ತಾನೆ. ವಿಚಾರಣೆ ಮುಗಿದೇ ಇರಲಿಲ್ಲವಂತೆ! ಪಿಕಾರ್ಡ್ ಮೂರು ಕಾಲಗಳ ನಡುವೆ ಜಾರುತ್ತಿದ್ದಾನೆ: ವರ್ತಮಾನ, ತಾನು ನೌಕೆಗೆ ಬಂದ ಮೊದಲ ದಿನ, ಮತ್ತು ದ್ರಾಕ್ಷಿ ತೋಟದ ಮುದುಕನಾಗಿ ಮಿದುಳಿನ ಕಾಯಿಲೆಯಿಂದ ಬಳಲುವ 25 ವರ್ಷಗಳ ಮುಂದಿನ ಕಾಲ. ಬಾಹ್ಯಾಕಾಶದಲ್ಲೊಂದು ಬಿರುಕು. ವಿಚಿತ್ರವೆಂದರೆ ಅದು ಕಾಲದಲ್ಲಿ ಹಿಂದಕ್ಕೆ ಹೋದಷ್ಟೂ ದೊಡ್ಡದು. ಕ್ಯೂ ಅವನನ್ನು 350 ಕೋಟಿ ವರ್ಷ ಹಿಂದಿನ ಭೂಮಿಗೆ ಕರೆದೊಯ್ದು ಒಂದು ಲೋಳೆ ಹೊಂಡದ ಪಕ್ಕ ಕೂರುತ್ತಾನೆ. ನಿಮ್ಮ ನಾಗರಿಕತೆಯೆಲ್ಲ ಹುಟ್ಟಬೇಕಾದದ್ದು ಇಲ್ಲೇ, ಆದರೆ ಆ ಬಿರುಕಿನಿಂದಾಗಿ ಹುಟ್ಟಲಿಲ್ಲ ಎನ್ನುತ್ತಾನೆ. ಬಿರುಕು ಬಿಟ್ಟದ್ದು ಪಿಕಾರ್ಡ್‌ನಿಂದಲೇ. ಹಾಗೆಂದು ಕ್ಯೂ ಬರೀ ಶಿಕ್ಷೆ ಕೊಡಲು ಬಂದವನೂ ಅಲ್ಲ. ಒಗಟು ಬಿಡಿಸಲು ಪಿಕಾರ್ಡ್‌ಗೆ ನೆರವಾದವನೂ ಅವನೇ. ಏಳು ವರ್ಷ ಅವನ ಕೀಟಲೆ ನೋಡಿದವರಿಗಷ್ಟೇ ಈ ತಿರುವು ನಾಟುತ್ತದೆ.

ಹಳೆಯ ಕಾಲದ ದೃಶ್ಯಗಳಲ್ಲಿ, ಮೊದಲ ಸೀಸನ್ನಿನಲ್ಲೇ ಸತ್ತ ನೌಕೆಯ ಭದ್ರತಾ ಅಧಿಕಾರಿ ತಾಶಾ ಯಾರ್ ಮತ್ತೆ ಓಡಾಡುತ್ತಾಳೆ. ಒಬ್ರಿಯನ್ ಸಿಗುತ್ತಾನೆ, ಮೊದಲ ಸಂಚಿಕೆಯಲ್ಲಿ ಹೆಸರೂ ಇಲ್ಲದೆ ನೌಕೆಯ ಚುಕ್ಕಾಣಿ ಹಿಡಿದಿದ್ದ ಈ ಪುಣ್ಯಾತ್ಮ ಅಷ್ಟರಲ್ಲಿ ಇನ್ನೊಂದು ಸರಣಿಯ ಮುಖ್ಯ ಪಾತ್ರವಾಗಿದ್ದ. ಇನ್ನು ಅಧಿಕಾರಿಗಳ ಇಸ್ಪೀಟಾಟ. ಅಷ್ಟು ವರ್ಷ ಅದರಿಂದ ದೂರವಿದ್ದ ಕ್ಯಾಪ್ಟನ್ ಕೊಟ್ಟಕೊನೆಗೆ ಬಂದು ಎಲೆ ಕಲಸಲು ಕೂರುತ್ತಾನೆ. ಅಷ್ಟೇ. ಯಾರೂ ಭಾಷಣ ಮಾಡುವುದಿಲ್ಲ, ಸದ್ಯ!

ಮರಳಿ ಬರುವ ಪಾತ್ರವನ್ನು ಬಳಸಿ ಬಳಸಿ ಸವೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಬೋರ್ಗ್ ಉದಾಹರಣೆ. 1989ರಲ್ಲಿ ಕ್ಯೂ ಈ ಅರ್ಧ ಯಂತ್ರ, ಅರ್ಧ ಜೀವಿಗಳ ಮುಂದೆ ನೌಕೆಯನ್ನು ಎಸೆದಾಗ ನಿಜಕ್ಕೂ ಭಯವಾಗಿತ್ತು. ಅದೇ ಬೋರ್ಗ್ ಸ್ಟಾರ್ ಟ್ರೆಕ್‌ನದೇ ಆದ ‘ವಾಯೇಜರ್’ ಸರಣಿಯಲ್ಲಿ ಪದೇ ಪದೇ ಬಂದರು, ಸೋತರು, ಮತ್ತೆ ಬಂದರು. 2001ರಲ್ಲಿ ಆ ಸರಣಿ ಮುಗಿಯುವ ಹೊತ್ತಿಗೂ ಬೋರ್ಗ್ ರಾಣಿಯೇ ಹಾಜರು. ನನಗಂತೂ ರೋಮಾಂಚನವಾಗಲಿಲ್ಲ.

ಕೊನೆಯನ್ನೇ ಹೇಳಿಬಿಟ್ಟಿರಿ ಎಂದು ಬೈಯಬೇಡಿ. ಒಗಟು ಹೇಗೆ ಬಿಡಿಸಿಕೊಳ್ಳುತ್ತದೆ ಎಂದು ಹೇಳಿಲ್ಲ. 178 ನೋಡಲು ಪುರಸೊತ್ತಿಲ್ಲದವರು ಕ್ಯೂ ಬರುವ ಎಂಟನ್ನಷ್ಟೇ ಕ್ರಮವಾಗಿ ನೋಡಿ. ಮೊದಲ ಸೀಸನ್ನಿನವು ಸ್ವಲ್ಪ ಎಳೆಯುತ್ತವೆ, ಸಹಿಸಿಕೊಳ್ಳಿ. ರಾಬಿನ್ ಹುಡ್ ವೇಷದ ‘ಕ್ಯುಪಿಡ್’ ಬಿಟ್ಟರೂ ನಷ್ಟವಿಲ್ಲ. ಸಾಯುತ್ತಿರುವ ಪಿಕಾರ್ಡ್‌ಗೆ ತನ್ನ ಯೌವನದ ತಪ್ಪು ತಿದ್ದಿಕೊಳ್ಳಲು ಅವಕಾಶ ಸಿಗುವ ‘ಟ್ಯಾಪೆಸ್ಟ್ರಿ’ಯನ್ನು ಮಾತ್ರ ಬಿಡಬೇಡಿ, ಅದು ಕೊನೆಯ ಸಂಚಿಕೆಗಿಂತಲೂ ಒಂದು ಕೈ ಮೇಲೆಂದು ನನ್ನ ಅಭಿಪ್ರಾಯ.