ಪೆಟ್ಟಿಗೀನೇ ಹೋದ್ರ?

"ಸರ, ಕಳ್ಳ ಪೆಟ್ಟಿಗೀನೇ ಹೊತ್ಕೊಂಡು ಹೋದ್ರ ಈ ಹೊಸ ಡಿಸ್ಕ್ ಯಾರ ಮನ್ಯಾಗ ಇರ್ತದ್ರಿ?"

ಕೇಳಿದ್ದು ನಮ್ಮ ಅಟೆಂಡರ್ ಕಾಕಾ. ನಾನು ಸರ್ವರ್‌ನ ಮುಚ್ಚಳ ತೆಗೆದು ಬಗ್ಗಿ ಕೂತಿದ್ದೆ, ಅವರು ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದರು. ತಮಾಷೆಗೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಈ ವಾರವೆಲ್ಲ ನನ್ನ ತಲೆಯಲ್ಲಿ ಅದೇ ಮಾತು.

ಬೀದರಿನ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇರುವುದು ಒಂದೇ ಸರ್ವರ್. ಅದರಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರವನ್ನು ಹಲವು ಕಂಪ್ಯೂಟರ್‌ಗಳಂತೆ ಹಂಚಿಕೊಡುವ ಸಾಫ್ಟ್‌ವೇರ್) ಹಾಕಿ ಬಿಲ್ಲಿಂಗ್, ಲ್ಯಾಬ್, ಔಷಧಿ ಅಂಗಡಿ, ಎಕ್ಸ್‌ರೇ ಎಲ್ಲಕ್ಕೂ ಬೇರೆ ಬೇರೆ ವರ್ಚುವಲ್ ಮಷಿನ್ ಮಾಡಿದ್ದೇವೆ. ಕೆಳಗೆ ಎರಡು ಡಿಸ್ಕ್, ಒಂದಕ್ಕೊಂದು ಮಿರರ್, ಅಂದರೆ ಒಂದರಲ್ಲಿ ಆಗಿದ್ದೆಲ್ಲ ಇನ್ನೊಂದರಲ್ಲೂ ಆಗುತ್ತದೆ.

ಈ ಮಿರರ್ ಅನ್ನೋದೇ ನಮ್ಮ ಮ್ಯಾನೇಜರ್ ಸಾಹೇಬರಿಗೆ ದೊಡ್ಡ ಅಸ್ತ್ರ. "ಒಂದು ಹಾಳಾದ್ರ ಇನ್ನೊಂದು ಅದ ಅಂತ ನೀವೇ ಹೇಳಿದ್ರಿ. ಮತ್ಯಾಕ ಬ್ಯಾಕಪ್ಪಿಗೆ ಖರ್ಚು?" ಹೇಳಿದ್ದೆ, ನಿಜ. ಡಿಸ್ಕ್ ಸತ್ತರೆ ಇನ್ನೊಂದು ಕಾಯುತ್ತದೆ. ಆದರೆ ಯಾರೋ ಒಬ್ಬರು ಲ್ಯಾಬ್ ರಿಪೋರ್ಟ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ವೈರಸ್ ಬಂದು ಫೈಲ್‌ಗಳಿಗೆ ಬೀಗ ಹಾಕಿದರೆ ಎರಡಕ್ಕೂ ಬೀಗ. ಬ್ಯಾಕಪ್ ಅಂದರೆ ನಿನ್ನೆಯ ಪ್ರತಿ, ಇವತ್ತಿನ ತಪ್ಪು ಗೊತ್ತಿಲ್ಲದ ಪ್ರತಿ. ಇದನ್ನು ಅವರಿಗೆ ಎಷ್ಟು ರೀತಿಯಲ್ಲಿ ಹೇಳಿದರೂ ಅಷ್ಟೇ.

ನನ್ನ ಕೊಟೇಶನ್‌ನಲ್ಲಿ 4 ಟಿಬಿಯ ಎರಡು ಡಿಸ್ಕ್ ಮತ್ತು ರಸ್ತೆಯಾಚೆಯ ಹಾಸ್ಟೆಲ್‌ನಲ್ಲಿ ಇಡೋಕೆ ಒಂದು ಚಿಕ್ಕ ನ್ಯಾಸ್ (ನೆಟ್‌ವರ್ಕ್ ಮೂಲಕ ಫೈಲ್ ಇಡುವ) ಪೆಟ್ಟಿಗೆ ಇತ್ತು. ನ್ಯಾಸ್‌ಗೆ ಕೆಂಪು ಗೆರೆ ಬಿತ್ತು. ಅದೇ ಹೊತ್ತಿಗೆ ರಿಸೆಪ್ಷನ್‌ನಲ್ಲಿ ಗಾಜಿನ ಮೇಲೆ ನೀರು ಹರಿಯುವ ಅಲಂಕಾರ ಬಂತು. ಮಕ್ಕಳು ಅದರಲ್ಲಿ ಕೈ ಅದ್ದುತ್ತವೆ, ಅಷ್ಟು ಬಿಟ್ಟರೆ ಅದರಿಂದ ಯಾರಿಗೆ ಏನು ಉಪಯೋಗವೋ!

ಸರಿ, ಬಂದ ಡಿಸ್ಕ್‌ಗಳನ್ನಾದರೂ ಹಾಕೋಣ ಅಂತ ಕೂತೆ. ಮೊದಲು ಸೀರಿಯಲ್ ನಂಬರ್ ನೋಡಿ ಹೊಸದು ಯಾವುದು, ಹಳೆಯದು ಯಾವುದು ಅಂತ ಕಾಗದದಲ್ಲಿ ಬರೆದುಕೊಂಡೆ. ಸಿಸ್ಟಂ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಅನ್ನೋ ಹೆಸರುಗಳನ್ನು ನಂಬಬಾರದು. ಮಷಿನ್ ಆಫ್ ಆಗಿ ಆನ್ ಆದರೆ ಅದಲು ಬದಲಾಗಬಹುದು. ಅದಕ್ಕೇ ಮೌಂಟ್ ಮಾಡುವಾಗಲೂ, ಅಂದರೆ ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸುವಾಗಲೂ, ಯುಯುಐಡಿ ಅನ್ನೋ ಬದಲಾಗದ ಗುರುತಿನ ಸಂಖ್ಯೆ ಕೊಡುವುದು. ಡಿಸ್ಕನ್ನು ಭಾಗ ಮಾಡುವ ಹಳೆಯ ಪದ್ಧತಿ ಎಂಬಿಆರ್ 2 ಟಿಬಿ ದಾಟಲ್ಲ, ಹಾಗಾಗಿ ಹೊಸ ಪದ್ಧತಿ ಜಿಪಿಟಿ. ಫಾರ್ಮ್ಯಾಟ್ ಆದ ಮೇಲೆ 3.6 ಅಂತ ತೋರಿಸಿತು. ಕಾಕಾ ತಕ್ಷಣ, "ನಾಲ್ಕಕ್ಕ ರೊಕ್ಕ ಕೊಟ್ಟು ಇಷ್ಟೇನಾ?" ಅಂದರು. ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ ಹಿಡಿಯುತ್ತದೆ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. "ಕಿರಾಣಿ ಅಂಗಡ್ಯಾಗ ಹಿಂಗ ಮಾಡಿದ್ರ ಬಿಡ್ತೀರೇನ್ರಿ?"

ಪ್ರಾಕ್ಸ್‌ಮಾಕ್ಸ್‌ನಲ್ಲಿ ಇನ್ನೊಂದು ವಿಷಯ ಇದೆ. ಹೊಸ ಡಿಸ್ಕನ್ನು ಎಲ್‌ವಿಎಂ ಥಿನ್ (ವರ್ಚುವಲ್ ಮಷಿನ್‌ಗಳ ಡಿಸ್ಕ್‌ಗಷ್ಟೇ ಜಾಗ ಕೊಡುವ ಬಗೆ) ಮಾಡಿದರೆ ಅಲ್ಲಿ ಬ್ಯಾಕಪ್ ಫೈಲ್ ಇಡೋಕೆ ಬರಲ್ಲ. ಡೈರೆಕ್ಟರಿಯಾಗಿ, ಅಂದರೆ ಮಾಮೂಲಿ ಫೋಲ್ಡರ್ ಆಗಿ, ಸೇರಿಸಬೇಕು. ಸೇರಿಸಿದ ಮೇಲೆ 'ಇದು ಮೌಂಟ್ ಪಾಯಿಂಟ್' ಅಂತಲೂ ಹೇಳಬೇಕು. ಹೇಳದಿದ್ದರೆ ಯಾವತ್ತೋ ಡಿಸ್ಕ್ ಮೌಂಟ್ ಆಗದೆ ಉಳಿದ ರಾತ್ರಿ, ಬ್ಯಾಕಪ್ ಎಲ್ಲ ಆ ಖಾಲಿ ಫೋಲ್ಡರ್‌ಗೆ, ಅಂದರೆ ಸಿಸ್ಟಂ ಡಿಸ್ಕ್‌ಗೇ ಬಂದು ತುಂಬುತ್ತದೆ. ಕಾಪಾಡಲಿ ಅಂತ ಹಾಕಿದ್ದೇ ಸರ್ವರ್‌ನ ಉಸಿರು ಕಟ್ಟಿಸುತ್ತದೆ.

ರಾತ್ರಿ 2ಕ್ಕೆ ಬ್ಯಾಕಪ್, ದಿನದ್ದು 7, ವಾರದ್ದು 4 ಇಟ್ಟುಕೊಂಡು ಉಳಿದದ್ದನ್ನು ಅಳಿಸು ಅಂತ ಹೇಳಿದೆ. ಮರುದಿನ ಲ್ಯಾಬ್ ಮಷಿನ್‌ನ ಬ್ಯಾಕಪ್ಪನ್ನು ಹೊಸ ನಂಬರ್ ಕೊಟ್ಟು, ನೆಟ್‌ವರ್ಕ್ ತೆಗೆದು, ರಿಸ್ಟೋರ್ ಮಾಡಿದೆ. ನೆಟ್‌ವರ್ಕ್ ತೆಗೆಯದಿದ್ದರೆ ಅಸಲು ಮಷಿನ್, ಅದರ ಪ್ರತಿ, ಹೀಗೆ ಒಂದೇ ಐಪಿ ವಿಳಾಸದ ಇಬ್ಬರು ಜಗಳಕ್ಕೆ ನಿಲ್ಲುತ್ತಾರೆ. ಪ್ರತಿ ಎದ್ದು ನಿಂತಿತು. ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅನ್ನಲ್ಲ.

ಎಲ್ಲಾ ಸರಿ. ಆದರೆ ಪೆಟ್ಟಿಗೀನೇ ಹೋದ್ರ?

ಇದನ್ನೇ ಅಲ್ವಾ ನಾನು ಇಂಗ್ಲಿಷ್‌ನಲ್ಲಿ, ಮೂರು ಪುಟ, ಒಂದು ಚಿತ್ರ ಸಮೇತ ಬರೆದು ಕೊಟ್ಟಿದ್ದು? ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಅಂತ. ಯಾರೂ ಓದಲಿಲ್ಲ. ಕಾಕಾ ಒಂದೇ ಸಾಲಿನಲ್ಲಿ ಮುಗಿಸಿದರು. ಅವರು ಶಾಲೆ ಬಿಟ್ಟಿದ್ದು ಬೇಗ, ಆದರೆ ಬೀಗದ ಕೈ ಗೊಂಚಲು ಅವರ ಹತ್ತಿರ. ಬಾಗಿಲು ಹಾಕುವವರಿಗೆ ಕಳ್ಳ ಮೊದಲು ನೆನಪಾಗುತ್ತಾನೆ. ಬಿಲ್ಲಿಗೆ ಸಹಿ ಹಾಕುವವರಿಗೆ ಹಾಗಾಗಲ್ಲ ಅಂತ ಕಾಣುತ್ತದೆ.

ಆ ಸಂಜೆ ಮನೆಗೆ ಹೋಗುವಾಗ ಮಹಮೂದ್ ಗವಾನ್ ಮದರಸಾದ ಹತ್ತಿರ ಗಾಡಿ ನಿಲ್ಲಿಸಿದೆ. ಬಹಮನಿ ಸುಲ್ತಾನರ ಮಂತ್ರಿ 1472ರಲ್ಲಿ ಕಟ್ಟಿಸಿದ್ದು. ಮೂರು ಸಾವಿರ ಹಸ್ತಪ್ರತಿಗಳಿದ್ದವು ಅಂತ ಹೇಳುತ್ತಾರೆ. ಔರಂಗಜೇಬನ ಕಾಲಕ್ಕೆ ಅದೇ ಕಟ್ಟಡದಲ್ಲಿ ಮದ್ದುಗುಂಡು ಇಟ್ಟರು, ಅದು ಸಿಡಿದು ಒಂದು ಭಾಗವೇ ಹೋಯಿತು. ಮುಂದೆ ಎರಡು ಮಿನಾರ್ ಇದ್ದವು, ಈಗ ಒಂದೇ. ಪಾಠ ನಡೆಯುವ ಜಾಗದಲ್ಲಿ ಮದ್ದು ಇಡಿ ಅಂದವರೂ ಯಾರೋ ಒಬ್ಬ ಸಾಹೇಬರೇ ಇದ್ದಿರಬೇಕು. ಜಾಗ ಖಾಲಿ ಇದೆ, ಬೇರೆ ಗೋದಾಮಿಗೆ ಯಾಕೆ ಖರ್ಚು ಅಂದಿರಬೇಕು.

ಮರುದಿನ ನಾನು ಮ್ಯಾನೇಜರ್ ಹತ್ತಿರ ಹೋಗಲಿಲ್ಲ. ಸೀದಾ ದೊಡ್ಡ ಡಾಕ್ಟರ್ ಹತ್ತಿರ ಹೋಗಿ ಕಾಕಾನ ಪ್ರಶ್ನೆಯನ್ನು ಕಾಕಾನ ಮಾತಲ್ಲೇ ಕೇಳಿದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಒಂದು ಡಿಸ್ಕ್ ನಮ್ಮ ಮನಿ ಕಪಾಟಿನ್ಯಾಗ ಇಡ್ರಿ" ಅಂದರು.

ಈಗ ಒಂದು ಡಿಸ್ಕ್ ಸರ್ವರ್ ಒಳಗೆ, ಇನ್ನೊಂದು ಯುಎಸ್‌ಬಿ ಪೆಟ್ಟಿಗೆಯಲ್ಲಿ. ರೋಗಿಗಳ ವಿವರ ಬಾಗಿಲು ದಾಟುವುದರಿಂದ ಅದನ್ನು ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದೇನೆ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಬೇರೆ ಕಡೆ ಇದೆ. ಪ್ರತಿ ಶನಿವಾರ ಡಿಸ್ಕ್ ಬಂದು, ತುಂಬಿಕೊಂಡು ವಾಪಸ್ ಹೋಗಬೇಕು. ಆ ಒಂದೆರಡು ಗಂಟೆ ಎರಡೂ ಒಂದೇ ಕೋಣೆಯಲ್ಲಿರುತ್ತವೆ. ನ್ಯಾಸ್ ಬರುವವರೆಗೆ ಇಷ್ಟೇ.

ತಂದುಕೊಡುವ ಕೆಲಸ ಕಾಕಾಗೆ ಬಂತು. ಅವರು ಡಿಸ್ಕನ್ನು ಮುಟ್ಟುವ ಮೊದಲೇ ಕೇಳಿದರು: "ಇದಕ್ಕೊಂದು ರಿಜಿಸ್ಟರ್ ಮಾಡ್ರಿ ಸರ. ಒಯ್ದಾಗ ಒಂದು ಸಹಿ, ತಂದಾಗ ಒಂದು ಸಹಿ. ನಾಳಿ ಹೆಚ್ಚುಕಡಿಮೆ ಆದ್ರ ನನ್ನ ಮ್ಯಾಲೇ ಬರ್ತದ."

ನೂರು ಪುಟದ ನೋಟ್‌ಬುಕ್‌ಗೆ ಗೆರೆ ಹಾಕಿ ಕೊಟ್ಟೆ. ನನ್ನದು, ಕಾಕಾನದು ಸಹಿ ಆಗಿದೆ. ಮ್ಯಾನೇಜರ್ ಸಾಹೇಬರ ಸಹಿಗೂ ಒಂದು ಕಾಲಂ ಬಿಟ್ಟಿದ್ದೇವೆ. ಆ ನೋಟ್‌ಬುಕ್‌ನ ರೇಟ್ ಎಷ್ಟು ಅಂತ ಅವರು ಕೇಳಿ ಕಳಿಸಿದ್ದಾರೆ.