ಡಬ್ಬ ಅನ್ಬೇಡಿ

"ಡಬ್ಬ ಅನ್ಬೇಡಿ. ಅದಕ್ಕೆ ನಾನು ಸೈನ್ ಮಾಡಿದ್ದೀನಿ."

ಅಪ್ಪ ಅಂದಿದ್ದು ಇಷ್ಟೇ. ದನಿ ಏರಿಸಲಿಲ್ಲ. ಅಳಿಯನ ಮುಖ ನೋಡಿ ಹೇಳಿದರು, ಮತ್ತೆ ಟಿವಿ ಕಡೆ ತಿರುಗಿದರು. ಭಾವ ಬಾಯಿಗೆ ಹಾಕಿಕೊಂಡಿದ್ದ ಉಸಲಿಯನ್ನು ಅಗಿಯೋದನ್ನೇ ಮರೆತರು. ಅಕ್ಕ ನನ್ನ ಕಡೆ ನೋಡಿದಳು, ನಾನು ಅಮ್ಮನ ಕಡೆ ನೋಡಿದೆ, ಅಮ್ಮ ಎದ್ದು ಅಡುಗೆಮನೆಗೆ ಹೋದರು.

2025ರ ಸೆಪ್ಟೆಂಬರ್ 26, ಶುಕ್ರವಾರದ ಮಾತು. ಮಕ್ಕಳಿಗೆ ದಸರಾ ರಜೆ ಅಂತ ಅಕ್ಕನ ಸಂಸಾರ ಬಂದಿತ್ತು. ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ಬೀಳ್ಕೊಡುಗೆ. 1963ರಲ್ಲಿ ವಾಯುಪಡೆಗೆ ಸೇರಿದ್ದು ಅಲ್ಲೇ, 62 ವರ್ಷ ಆದಮೇಲೆ ಮುಗಿದಿದ್ದೂ ಅಲ್ಲೇ. ಅಪ್ಪ ಬೆಳಿಗ್ಗೆಯಿಂದಲೇ ರಿಮೋಟ್ ಹಿಡಿದು ಕೂತಿದ್ದರು. ವಾಯುಪಡೆ ಮುಖ್ಯಸ್ಥರು ತಾವೇ ಹಾರಿಸಿದರು, ಸ್ಕ್ವಾಡ್ರನ್ ಲೀಡರ್ ಪ್ರಿಯಾ ಶರ್ಮಾ ಹಾರಿಸಿದರು, ವಿಮಾನಗಳು ಇಳಿದ ಮೇಲೆ ಎರಡೂ ಕಡೆಯಿಂದ ನೀರು ಚಿಮ್ಮಿಸಿ ಗೌರವ ಕೊಟ್ಟರು. ಭಾವನಿಗೆ ಯಾವ ವಿಷಯದ ಬಗ್ಗೆಯಾದರೂ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ಕೆಟ್ಟವರಲ್ಲ, ಸುಮ್ಮನಿರೋಕೆ ಬರಲ್ಲ ಅಷ್ಟೆ. "ಹಾರುವ ಶವಪೆಟ್ಟಿಗೆ ಅಂತಾರಲ್ವಾ ಮಾವ, ಎಷ್ಟು ಹುಡುಗರನ್ನ ತಿಂತು ಈ ಡಬ್ಬ, ಇಷ್ಟು ವರ್ಷ ಯಾಕಿಟ್ಕೊಂಡಿದ್ರೋ" ಅಂದರು. ಅದಕ್ಕೆ ಬಂದ ಉತ್ತರ ಅದು.

ಅವತ್ತಿಂದ ಆ ಮಾತು ನನ್ನ ತಲೆಯಲ್ಲಿ ಓಡ್ತಾನೇ ಇದೆ. ಬಸ್ಸಲ್ಲಿ ಕೂತಾಗ, ಹಲ್ಲುಜ್ಜುವಾಗ. ಹಾರಿಸಿದ್ದೀನಿ ಅಂತ ಅಲ್ಲ, ಯುದ್ಧ ಮಾಡಿದ್ದೀನಿ ಅಂತಲೂ ಅಲ್ಲ. ಸೈನ್ ಮಾಡಿದ್ದೀನಿ ಅಂತ.

ಸ್ವಲ್ಪ ಹೊತ್ತಾದ ಮೇಲೆ ಅದೇ ಸಮಾರಂಭದಲ್ಲಿ ಫಾರ್ಮ್ 700 ಅನ್ನು ರಕ್ಷಣಾ ಸಚಿವರ ಕೈಗೆ ಕೊಟ್ಟರು. ಅಪ್ಪ ಕುರ್ಚಿಯ ಅಂಚಿಗೆ ಸರಿದು "ಅದೇ, ಅದೇ ಪುಸ್ತಕ" ಅಂದರು. ವಿಮಾನ ನೆಲ ಬಿಟ್ಟಾಗ ಕೂಡ ಅವರ ಮುಖದಲ್ಲಿ ಅಷ್ಟು ಬದಲಾವಣೆ ಕಂಡಿರಲಿಲ್ಲ. ಟಿವಿಯವರಿಗೆ ಅದು ಎರಡು ಕ್ಷಣದ ದೃಶ್ಯ. ಆ್ಯಂಕರ್ ಅದರ ಮೇಲೇ ಮಾತಾಡಿಕೊಂಡು ಮುಂದೆ ಹೋದರು.

ಪ್ರತಿ ವಿಮಾನಕ್ಕೂ ಒಂದು ಫಾರ್ಮ್ 700 ಇರುತ್ತದೆ. ಹಾರುವ ಮೊದಲು ಎಂಜಿನ್‌ನವನು ತನ್ನ ಭಾಗ ನೋಡಿ ಸಹಿ ಹಾಕಬೇಕು. ಏರ್‌ಫ್ರೇಮ್, ಎಲೆಕ್ಟ್ರಿಕಲ್, ಇನ್ಸ್‌ಟ್ರುಮೆಂಟ್, ರೇಡಿಯೊ, ಆರ್ಮಮೆಂಟ್, ಎಲ್ಲರದ್ದೂ ಬೇರೆ ಬೇರೆ ಸಹಿ. ಎಲ್ಲ ಆದಮೇಲೆ ಪೈಲಟ್ ಅದನ್ನು ಓದಿ, ವಿಮಾನ ಒಪ್ಪಿಕೊಂಡೆ ಅಂತ ಸಹಿ ಹಾಕಿ ಏಣಿ ಹತ್ತುತ್ತಾನೆ. ವಾಪಸ್ ಬಂದು, ಏನಾದರೂ ತೊಂದರೆ ಕಂಡಿದ್ದರೆ ಅದೇ ಪುಸ್ತಕದಲ್ಲಿ ಬರೀತಾನೆ. ಅದಕ್ಕೆ ಅವರು ಸ್ನ್ಯಾಗ್ ಅಂತಾರೆ. ಸ್ನ್ಯಾಗ್ ಸರಿ ಮಾಡಿದವನು ಮತ್ತೆ ಸಹಿ ಹಾಕಬೇಕು. ಹೆಸರು, ಸಹಿ, ದಿನಾಂಕ, ಹೊತ್ತು. ನಾಳೆ ಏನಾದರೂ ಆದರೆ, ಆ ನಟ್ಟನ್ನು ಕೊನೆಗೆ ಮುಟ್ಟಿದ್ದು ಯಾರು ಅನ್ನೋದು ಗೊತ್ತಾಗುತ್ತದೆ. ಮುಚ್ಚಿಡೋ ಹಾಗಿಲ್ಲ.

ಅಪ್ಪ ಎಂಜಿನ್ ಫಿಟ್ಟರ್. ಅರಸೀಕೆರೆ ಕಡೆಯ ಹಳ್ಳಿಯಿಂದ 1972ರಲ್ಲಿ ಏರ್‌ಮನ್ ಆಗಿ ಸೇರಿ, ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ಮೊದಲ ತರಬೇತಿ ಮುಗಿಸಿ, ಆಮೇಲೆ ದೇಶವೆಲ್ಲ ಸುತ್ತಿದವರು. ಪೆರೇಡ್ ಕಲಿತಿದ್ದು ಬೆಳಗಾವಿಯಲ್ಲಿ, ಹಿಂದಿ ಕಲಿತಿದ್ದೂ ಬೆಳಗಾವಿಯಲ್ಲೇ ಅಂತ ನಗ್ತಾರೆ. ಅವರ ಕಪ್ಪು ಟ್ರಂಕು ಇನ್ನೂ ಅಟ್ಟದ ಮೇಲಿದೆ. ಬಿಳಿ ಪೇಂಟಿನಲ್ಲಿ ಬರೆದ ಹೆಸರು, ಸರ್ವೀಸ್ ನಂಬರ್. ನಮ್ಮ ಅಜ್ಜಿ ಬರೆಸುತ್ತಿದ್ದ ಇನ್‌ಲ್ಯಾಂಡ್ ಪತ್ರಗಳೂ ಅದರಲ್ಲೇ ಇವೆ, ಕೇರಾಫ್ 99 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿಯ ನಂಬರು. ಮಗ ಎಲ್ಲಿದ್ದಾನೆ ಅಂತ ಊರಲ್ಲಿ ಯಾರಾದರೂ ಕೇಳಿದರೆ ಅಜ್ಜಿ ಆ ನಂಬರನ್ನೇ ಹೇಳ್ತಿದ್ದರಂತೆ.

ದೊಡ್ಡಪ್ಪ ಸೈನ್ಯದಲ್ಲಿದ್ದರು, ಮದ್ರಾಸ್ ಸ್ಯಾಪರ್ಸ್ ಅನ್ನೋ ಎಂಜಿನಿಯರ್ ದಳ. 71ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಮೈನ್ ತೆಗೆಯೋ ಕೆಲಸ ಮಾಡಿದವರು. ಅವರ ಕಥೆ ನಮಗೆಲ್ಲ ಬಾಯಿಪಾಠ. ಕ್ಯಾಂಟೀನಿನ ರಮ್ಮು ಎರಡು ಪೆಗ್ ಒಳಗೆ ಹೋದರೆ ಸಾಕು, ಟ್ಯಾಂಕುಗಳು ನಮ್ಮ ಹಿತ್ತಲಲ್ಲೇ ಓಡಾಡ್ತಿದ್ದವು. ಮದುವೆ ಮನೆಯಲ್ಲಿ ಅವರ ಸುತ್ತ ಯಾವಾಗಲೂ ಹತ್ತು ಜನ. ಅಪ್ಪ ಪಕ್ಕದಲ್ಲಿ ಕೂತು ಕೇಳ್ತಿದ್ದರು, ಅಷ್ಟೆ. "ನೀವೇನು ಮಾಡಿದ್ರಿ ಚಿಕ್ಕಪ್ಪ" ಅಂತ ಹುಡುಗರು ಕೇಳಿದರೆ "ವಿಮಾನ ಒರೆಸ್ತಿದ್ದೆ ಕಣ್ರೋ" ಅನ್ನೋರು. ಹುಡುಗರು ನಂಬಿಬಿಡ್ತಿದ್ದರು. ಬಹಳ ದಿನ ನಾನೂ ನಂಬಿದ್ದೆ.

ಅವರ ಕೆಲಸ ಏನಂತ ಗೊತ್ತಾಗಬೇಕಾದರೆ ನಮ್ಮ ಮನೆ ನೋಡಬೇಕು. ಗೇಟಿನ ಅಗುಳಿ, ನೀರಿನ ಮೋಟಾರಿನ ಬೋಲ್ಟು, ಸೈಕಲ್ಲಿನ ಸ್ಟ್ಯಾಂಡು, ಎಲ್ಲದಕ್ಕೂ ಲಾಕಿಂಗ್ ವೈರ್. ಬೋಲ್ಟಿನ ತಲೆಯಲ್ಲಿ ಸಣ್ಣ ತೂತು ಕೊರೆದು, ತೆಳು ತಂತಿ ತೂರಿಸಿ, ಎರಡೂ ಎಳೆ ಸೇರಿಸಿ ಹುರಿ ಮಾಡಿ, ಪಕ್ಕದ ಬೋಲ್ಟಿಗೆ ಕಟ್ಟಬೇಕು. ತಂತಿ ಎಳೆಯೋದು ಯಾವಾಗಲೂ ಬೋಲ್ಟು ಬಿಗಿಯೋ ದಿಕ್ಕಿಗೇ ಇರಬೇಕು. ಆಗ ಎಷ್ಟು ಅದುರಿದರೂ ಅದು ಸಡಿಲ ಆಗೋಕೆ ಆಗಲ್ಲ. ಕೊನೆಗೆ ತಂತಿಯ ತುದಿಯನ್ನು ಒಳಗೆ ಮಡಚಬೇಕು, ಮುಂದೆ ಕೈ ಹಾಕಿದವನಿಗೆ ಚುಚ್ಚಬಾರದು ಅಂತ. ಹೀಗೆ ಮಡಚದೆ ಬಿಟ್ಟ ಯಾರದೋ ತಂತಿಗಳು ಅಪ್ಪನ ಬೆರಳುಗಳ ಮೇಲೆ ಸಣ್ಣ ಸಣ್ಣ ಬಿಳಿ ಗೆರೆ ಬಿಟ್ಟಿವೆ. ಮಿಗ್ಗಿನ ಎಂಜಿನ್ ಸುತ್ತ ಜಾಗವೇ ಇರಲ್ವಂತೆ, ಕಣ್ಣಿಗೆ ಕಾಣದ ಕಡೆ ಕೈ ತೂರಿಸಿ ಬೆರಳಲ್ಲೇ ನೋಡಬೇಕು. ಎಂಜಿನ್ ಹೊರಗೆ ತೆಗೀಬೇಕು ಅಂದರೆ ವಿಮಾನದ ಹಿಂದಿನ ಭಾಗವನ್ನೇ ಪೂರ್ತಿ ಬಿಚ್ಚಿ ಎಳೀಬೇಕಿತ್ತು.

ಇನ್ನೊಂದು ಟೂಲ್ ಲೆಕ್ಕ. ಪ್ಯಾನೆಲ್ ಮುಚ್ಚುವ ಮೊದಲು ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ಎಣಿಸಬೇಕು. ಒಂದು ಕಮ್ಮಿ ಬಂದರೆ ಅದು ಸಿಗೋವರೆಗೆ ಆ ವಿಮಾನ ಹಾರಲ್ಲ. ಒಮ್ಮೆ ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ ಟೆಸ್ಟರ್ ಎಲ್ಲೋ ಬಿಟ್ಟೆ, ಪರವಾಗಿಲ್ಲ ಸಾರ್ ಅಂದ. ಅಪ್ಪ ಅವನನ್ನು ಗೇಟು ದಾಟೋಕೆ ಬಿಡಲಿಲ್ಲ. ಎಲ್ಲ ಸ್ವಿಚ್ ಬೋರ್ಡ್ ಬಿಚ್ಚಿಸಿದರು. ಟೆಸ್ಟರ್ ಸಿಕ್ಕಿದ್ದು ಅವನ ಸ್ಕೂಟರಿನಲ್ಲಿ. ಅವನು ಮತ್ತೆ ನಮ್ಮ ಮನೆ ಕಡೆ ಬಂದಿಲ್ಲ ಅನ್ನೋದು ಬೇರೆ ವಿಷಯ.

ಶುಕ್ರವಾರ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುವಾಗ ಅಮ್ಮ ಹೇಳಿದ ಕಥೆ ಮಾತ್ರ ನಾನು ಮೊದಲು ಕೇಳಿರಲಿಲ್ಲ. ನಾನಿನ್ನೂ ಹುಟ್ಟಿರಲಿಲ್ಲ, ಅಕ್ಕ ಮಗು. ದೂರದ ಒಂದು ಸ್ಟೇಷನ್ನಿನ ಕ್ವಾರ್ಟರ್ಸ್. ಫ್ಲೈಯಿಂಗ್ ಇದ್ದ ದಿನ ಹೆಂಗಸರೆಲ್ಲ ಬಟ್ಟೆ ಒಗೀತಾ, ಕಾಳು ಆರಿಸ್ತಾ ಸದ್ದು ಎಣಿಸ್ತಿದ್ದರಂತೆ. ಹೋಗಿದ್ದೆಷ್ಟು, ಬಂದಿದ್ದೆಷ್ಟು. ಯಾರೂ ಹಾಗಂತ ಬಾಯಿಬಿಟ್ಟು ಹೇಳ್ತಿರಲಿಲ್ಲ. ಅವತ್ತು ಒಂದು ಸದ್ದು ಕಮ್ಮಿ ಬಂತು. ಅಪ್ಪ ಮನೆಗೆ ಬಂದಿದ್ದು ಮಾರನೇ ದಿನ ಮಧ್ಯಾಹ್ನ. ಊಟ ಬೇಡ ಅಂದು, ಬಚ್ಚಲಲ್ಲಿ ಕೂತು ಕೈ ತೊಳೀತಾನೇ ಇದ್ದರಂತೆ.

ಅವತ್ತು ಬೆಳಿಗ್ಗೆ ಆ ವಿಮಾನಕ್ಕೆ ಸಹಿ ಹಾಕಿದವರಲ್ಲಿ ಅಪ್ಪನೂ ಒಬ್ಬರು. ಏಣಿ ಹತ್ತಿ ಆ ಹುಡುಗನ ಬೆಲ್ಟ್ ಬಿಗಿದು, ಸೀಟಿನ ಸೇಫ್ಟಿ ಪಿನ್‌ಗಳನ್ನು ತೆಗೆದು ಅವನ ಕಣ್ಣೆದುರು ಹಿಡಿದು ತೋರಿಸಿದವರೂ ಅಪ್ಪನೇ. ಪಿನ್ ನೋಡಿ ಪೈಲಟ್ ತಲೆಯಾಡಿಸಬೇಕು, ಅದು ನಿಯಮ. ಆಮೇಲೆ ಇವರು ಏಣಿ ಇಳಿದರು. ಅವನಿಗೆ ಅಕ್ಕನನ್ನು ಎತ್ತಿಕೊಂಡು ಆಡಿಸೋದು ಇಷ್ಟ ಇತ್ತಂತೆ, ಸ್ಟೇಷನ್ನಿನ ಯಾವುದೋ ಹಬ್ಬದಲ್ಲಿ ಎತ್ತಿಕೊಂಡಿದ್ದನಂತೆ. ಸುದ್ದಿ ಬಂದ ತಕ್ಷಣ ಫಾರ್ಮ್ 700 ತೆಗೆದು ಸೀಲ್ ಮಾಡಿದರು. ಸಹಿ ಇದ್ದವರನ್ನೆಲ್ಲ ಕೂರಿಸಿ ಹೇಳಿಕೆ ಬರೆಸಿಕೊಂಡರು. ಕೊನೆಗೆ ಎಂಜಿನ್ನಿಗೆ ಹಕ್ಕಿ ಬಡಿದಿದ್ದು ಕಾರಣ ಅಂತ ಗೊತ್ತಾಯಿತು. ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲ ಅಂದರು. ಅಷ್ಟು ದಿನ ಅಪ್ಪ ಮಲಗಿಲ್ಲ ಅಂದರು ಅಮ್ಮ. ಆಮೇಲೂ ಎಷ್ಟೋ ರಾತ್ರಿ ಎದ್ದು ಕೂತು ಬೆರಳಲ್ಲಿ ಏನೋ ಲೆಕ್ಕ ಹಾಕ್ತಿದ್ದರಂತೆ. ಯಾವ ಬೋಲ್ಟು, ಯಾವ ತಂತಿ.

ಇದನ್ನು ಭಾವನಿಗೆ ಹೇಳಲಾ ಅಂತ ಕೇಳಿದೆ. "ಬೇಡ, ಅವರಿಗ್ಯಾಕೆ" ಅಂದರು ಅಮ್ಮ.

ಭಾವ ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಅಪಘಾತಗಳು 400 ದಾಟಿವೆ ಅಂತ ಪತ್ರಿಕೆಗಳಲ್ಲಿ ಬಂದಿದೆ. ಸತ್ತವರಲ್ಲಿ ಎಷ್ಟೋ ಜನ ಮೀಸೆ ಸರಿಯಾಗಿ ಬಲಿಯದ ಹುಡುಗರು. ಆದರೆ ಎಲ್ಲ ತಪ್ಪನ್ನೂ ವಿಮಾನದ ತಲೆಗೆ ಕಟ್ಟಿಬಿಟ್ಟರೆ ಬೇರೆಯವರೆಲ್ಲ ಆರಾಮಾಗಿ ತಪ್ಪಿಸಿಕೊಳ್ತಾರೆ, ಅಲ್ವಾ? ಮಿಗ್-21 ಇಳಿಯೋದೇ ಗಂಟೆಗೆ 340 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ. ಇಳಿದ ಮೇಲೆ ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ನಿಲ್ಲಿಸಬೇಕು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿದ್ದ ಕಿರಣ್‌ನಂಥ ಸಾಧು ವಿಮಾನದಲ್ಲಿ ಕಲಿತ ಹುಡುಗರು ಇದನ್ನು ಹತ್ತಬೇಕಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಅಡ್ವಾನ್ಸ್ಡ್ ಜೆಟ್ ಟ್ರೇನರ್ ಬೇಕು ಅಂತ ವಾಯುಪಡೆಯ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಅಂಥ ಟ್ರೇನರ್ ಆದ ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2004ರಲ್ಲಿ. ಬೀದರ್‌ನಲ್ಲಿ ಹಾಕ್ ವಾಯುಪಡೆಗೆ ಸೇರಿದ್ದು 2008ರಲ್ಲಿ. ನನ್ನಪ್ಪ ಒಂದು ಬೆಳಗಿನಲ್ಲಿ, ಚಳಿಯಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಇಡೀ ಎಂಜಿನ್ ಸುತ್ತ ಬೆರಳಾಡಿಸಿ ಸಹಿ ಹಾಕ್ತಿದ್ದರು. ಅದು ತಡ ಆದರೆ ಬೈಸಿಕೊಳ್ತಿದ್ದರು. ಆ ಇನ್ನೊಂದು ಸಹಿಗೆ 22 ವರ್ಷ ಹಿಡಿಯಿತು. ಅಷ್ಟೂ ವರ್ಷ ಆ ಕಡತ ಯಾರ್ಯಾರ ಮೇಜಿನ ಮೇಲೆ ಎಷ್ಟೆಷ್ಟು ದಿನ ಮಲಗಿತ್ತು ಅಂತ ಬರೆದಿಡೋಕೆ ಯಾವ ಪುಸ್ತಕವಿತ್ತು? ಬೆರಳಾಡಿಸಿ ಲೆಕ್ಕ ಹಾಕ್ತಾ ರಾತ್ರಿ ಎದ್ದು ಕೂತವರು ಅವರಲ್ಲಿ ಯಾರಾದರೂ ಇದ್ದಿರಬಹುದಾ? ಇದ್ದರೆ ಅವರಿಗೆ ನನ್ನ ನಮಸ್ಕಾರ.

ಅಪ್ಪನಿಗೆ ಈ ಥರದ ಸಿಟ್ಟು ಇಲ್ಲ. ನನಗೇ ಜಾಸ್ತಿ. ಅವರ ತಲೆಯಲ್ಲಿ ಈಗ ನಮ್ಮ ದೇಶದಲ್ಲೇ ತಯಾರಾಗೋ ತೇಜಸ್ ಯುದ್ಧವಿಮಾನ ಓಡ್ತಿದೆ. ಬೀಳ್ಕೊಡುಗೆಯ ಹಿಂದಿನ ದಿನವೇ 97 ತೇಜಸ್‌ಗೆ 62,370 ಕೋಟಿ ರೂಪಾಯಿಯ ಒಪ್ಪಂದ ಆಯಿತಲ್ಲ, ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ನಮ್ಮ ಬೀದಿಯ ಒಬ್ಬ ಹುಡುಗಿ ವಿಮಾನದ ಮೇಂಟೆನೆನ್ಸ್ ಕೆಲಸದಲ್ಲಿದ್ದಾಳೆ. ಭಾನುವಾರ ಅವಳು ಬೊಂಬೆ ನೋಡೋಕೆ ಬಂದಾಗ ಅಪ್ಪ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳನ್ನು ತೆಗೆದರು. ಕೈ ತೂರಿಸೋಕೆ ಜಾಗ ಇರುತ್ತಾ? ಫಿಲ್ಟರ್ ಬಿಚ್ಚೋಕೆ ಎಷ್ಟು ಪ್ಯಾನೆಲ್ ತೆಗೀಬೇಕು? ಈಗಿನವರು ಲಾಕಿಂಗ್ ವೈರ್ ಕೈಯಲ್ಲೇ ಹುರಿ ಹಾಕ್ತಾರೋ, ಪ್ಲೈಯರ್ ಇದೆಯೋ? ಅವಳು ಕೆಲವಕ್ಕೆ ಉತ್ತರ ಹೇಳಿದಳು, ಕೆಲವಕ್ಕೆ "ಅದೆಲ್ಲ ಹೇಳೋ ಹಾಗಿಲ್ಲ ಅಂಕಲ್" ಅಂದಳು. ಹೇಳೋ ಹಾಗಿಲ್ಲ ಅಂದಿದ್ದಕ್ಕೆ ಅಪ್ಪನಿಗೆ ಬಹಳ ಖುಷಿಯಾಯಿತು. ಅರ್ಧಕ್ಕರ್ಧ ತಾಂತ್ರಿಕ ಮಾತು, ನಮಗ್ಯಾರಿಗೂ ತಲೆಬುಡ ತಿಳಿಯಲಿಲ್ಲ. ಬೊಂಬೆ ಕಡೆ ಅವಳು ತಿರುಗಿಯೂ ನೋಡಲಿಲ್ಲ, ಕುಂಕುಮ ಕೊಡೋಕೆ ಅಮ್ಮ ತಟ್ಟೆ ಹಿಡಿದುಕೊಂಡು ಎರಡು ಸಲ ಬಂದು ವಾಪಸ್ ಹೋದರು.

ಭಾವನಿಗೂ ಒಳಗೊಳಗೆ ಕಸಿವಿಸಿ ಆಗಿತ್ತು ಅಂತ ಕಾಣುತ್ತೆ. ಊರಿಗೆ ಹೋದಮೇಲೆ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫೋಟೋ ಹಾಕಿದರು, ವಿಮಾನ, ತ್ರಿವರ್ಣ ಧ್ವಜ, ಕೆಳಗೆ "ಮಿಗ್-21, ನಿನಗೆ ನಮನ, ನಮ್ಮ ಮಾವನಂಥ ಯೋಧರಿಗೂ ನಮನ" ಅಂತ. ಎಲ್ಲರೂ ಕೈ ಮುಗಿಯೋ ಚಿಹ್ನೆ ಹಾಕಿದರು. ಅಪ್ಪ ಕನ್ನಡಕ ಹಾಕಿಕೊಂಡು, ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು.

"ಇದಕ್ಕೆ ಎರಡು ಬಾಲ ಇದೆಯಲ್ಲೋ. ಇದು ಮಿಗ್-29."

ಹಾಗಂತ ಗ್ರೂಪಿನಲ್ಲಿ ಬರೀಬೇಡ, ಪಾಪ, ಬೇಜಾರು ಮಾಡ್ಕೋತಾರೆ ಅಂದರು. ನಾನು ಬರೆದಿಲ್ಲ. ದೊಡ್ಡಪ್ಪನ ಮಗ ಬರೆದ.