ಕನ್ನಡದ ಮೂವತ್ತು ಅಕ್ಷರ, ಯಂತ್ರದ ಮೂವತ್ತು ಕ್ಯಾರೆಕ್ಟರ್

ಜಾಹೀರಾತಿಗೆ ಕನ್ನಡ ಬರೆದುಕೊಡುವ ನನ್ನಂಥವರ ಮೇಜಿನ ಮೇಲೆ ಒಂದಲ್ಲ ಒಂದು ಕೋಷ್ಟಕ ಸದಾ ಇರುತ್ತದೆ. ಯಾವ ತಾಣದ ಪೋಸ್ಟ್ ಎಷ್ಟು ಉದ್ದವಿರಬೇಕು, ಯಾವ ಜಾಹೀರಾತಿನ ಶೀರ್ಷಿಕೆ ಎಷ್ಟರಲ್ಲಿ ಮುಗಿಯಬೇಕು ಎಂದು ಹೇಳುವ ಆ ಕೋಷ್ಟಕಗಳು ಇಂಗ್ಲಿಷಿನಲ್ಲಿ ಹುಟ್ಟಿ, ಏಜೆನ್ಸಿಯ ಯಾರದೋ ಕೈಯಲ್ಲಿ ಅನುವಾದಗೊಂಡು, ‘30 ಅಕ್ಷರ’, ‘90 ಅಕ್ಷರ’ ಎಂಬ ರೂಪದಲ್ಲಿ ನಮ್ಮನ್ನು ತಲುಪುತ್ತವೆ. ತೊಡಕು ಇರುವುದು ‘ಅಕ್ಷರ’ ಎಂಬ ಆ ಒಂದು ಪದದಲ್ಲಿಯೇ.

ಕೆಲವು ವರ್ಷಗಳ ಹಿಂದೆ ಸೀರೆ ಅಂಗಡಿಯೊಂದಕ್ಕೆ ಗೂಗಲ್ ಹುಡುಕಾಟದ ಜಾಹೀರಾತು ಬರೆಯಬೇಕಾಗಿತ್ತು. ಅಲ್ಲಿ ಶೀರ್ಷಿಕೆಗೆ 30, ವಿವರಣೆಗೆ 90 ಎಂಬ ಮಿತಿಯಿದೆ. ‘ದೀಪಾವಳಿ ಪ್ರಯುಕ್ತ ರೇಷ್ಮೆ ಸೀರೆಗಳ ಮೇಲೆ ವಿಶೇಷ ರಿಯಾಯಿತಿ’ ಎಂದು ಬರೆದು ಬೆರಳು ಮಡಚಿ ಎಣಿಸಿದೆ. ಅಕ್ಷರಗಳು 22, ನಡುವಿನ ಖಾಲಿ ಜಾಗಗಳು 6, ಒಟ್ಟು 28. ಎರಡು ಉಳಿಯಿತಲ್ಲ ಎಂದು ನೆಮ್ಮದಿಯಿಂದ ಪೆಟ್ಟಿಗೆಯಲ್ಲಿ ಅಂಟಿಸಿದರೆ, ಅದು ಕೆಂಪು ಬಣ್ಣಕ್ಕೆ ತಿರುಗಿ 50 ಎಂದು ತೋರಿಸಿತು. ಮಿತಿಯ 30 ‘ಸೀರೆಗಳ’ ಎಂಬಲ್ಲಿಗೇ ಮುಗಿದುಹೋಗಿತ್ತು. ರಿಯಾಯಿತಿ ಎಂಬ ಮುಖ್ಯ ಮಾತು ಬಾಗಿಲ ಹೊರಗೆ ನಿಂತಿತ್ತು.

ಯಂತ್ರ ಎಣಿಸುವುದು ನಾವು ಕಾಗುಣಿತದಲ್ಲಿ ಕಲಿತ ಅಕ್ಷರವನ್ನಲ್ಲ, ಎಲ್ಲ ಲಿಪಿಗಳಿಗೂ ಕಂಪ್ಯೂಟರು ಬಳಸುವ ಸಂಕೇತಪಟ್ಟಿಯಾದ ಯೂನಿಕೋಡ್‌ನ ಬಿಡಿ ಸಂಕೇತಗಳನ್ನು, ಅಂದರೆ ಕ್ಯಾರೆಕ್ಟರುಗಳನ್ನು. ವ್ಯಂಜನಕ್ಕೊಂದು, ಅದಕ್ಕೆ ಹತ್ತಿದ ಸ್ವರಚಿಹ್ನೆಗೊಂದು, ಒತ್ತಕ್ಷರ ಮೂಡಿಸಲು ನಡುವೆ ಅಡಗಿರುವ ಹಲಂತಕ್ಕೊಂದು, ಅನುಸ್ವಾರಕ್ಕೆ ಮತ್ತೊಂದು. ಈ ಲೆಕ್ಕದಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ 5. ‘ಸ್ವಾತಂತ್ರ್ಯ’ವೂ ಕಣ್ಣಿಗೆ ಮೂರೇ ಅಕ್ಷರ, ಯಂತ್ರಕ್ಕೆ ಮಾತ್ರ 11. ನಾಲ್ಕಕ್ಷರದ ‘ಬಿಡುಗಡೆ’ಗೆ 7 ಸಾಕು. ‘ಸರ್ಕಾರ’ ಎಂದು ಬರೆದರೆ 6, ‘ಸರಕಾರ’ ಎಂದು ಬಿಡಿಸಿ ಬರೆದರೆ 5; ಹಾಳೆಯ ಮೇಲೆ ಉದ್ದವಾಗಿ ಕಾಣುವುದೇ ಇಲ್ಲಿ ಗಿಡ್ಡ. (ಹಾಗೆಂದು ಸ್ವಾತಂತ್ರ್ಯ ದಿನಾಚರಣೆಯನ್ನು ಬಿಡುಗಡೆ ದಿನಾಚರಣೆ ಎನ್ನಲಾಗದು, ಮಿತಿಗೆ ಹೆದರಿ ಅರ್ಥವನ್ನು ತಿರುಚಿದವರನ್ನು ನೋಡಿದ್ದೇನೆ.) ಇದರ ಜೊತೆಗೆ ಕಣ್ಣಿಗೇ ಕಾಣದ ಸಂಕೇತವೂ ಒಂದಿದೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಮುಂದಿನ ವ್ಯಂಜನ ಒತ್ತಾಗಿ ಕೆಳಗಿಳಿಯದಂತೆ ತಡೆಯಲು ಕೀಲಿಮಣೆ ಸೇರಿಸುವ ಆ ಅದೃಶ್ಯ ಗುರುತಿಗೂ ಒಂದು ಎಂದು ಲೆಕ್ಕ ಬೀಳುತ್ತದೆ. ಎರವಲು ಪದ ಹೆಚ್ಚಿದಷ್ಟೂ ಈ ಕಾಣದ ಖರ್ಚು ಹೆಚ್ಚುತ್ತದೆ.

ಆ ಶೀರ್ಷಿಕೆಯನ್ನು ಕೊನೆಗೆ ‘ರೇಷ್ಮೆ ಸೀರೆಗೆ ಹಬ್ಬದ ರಿಯಾಯಿತಿ’ ಎಂದು ಮಾಡಿದೆ. 28ಕ್ಕೆ ಮುಗಿಯಿತು. ‘ಪ್ರಯುಕ್ತ’ ಹೋಯಿತು, ‘ವಿಶೇಷ’ ಹೋಯಿತು. ತಮ್ಮ ರಿಯಾಯಿತಿ ವಿಶೇಷವಲ್ಲವೆಂದು ಯಾರೂ ಹೇಳಿಕೊಂಡಿರುವುದನ್ನು ನಾನಂತೂ ಕಂಡಿಲ್ಲ. ‘ಸೀರೆಗಳ ಮೇಲೆ’ ಎಂಬುದು ‘ಸೀರೆಗೆ’ ಆಯಿತು. ಅಷ್ಟಕ್ಕೂ ಸೀರೆಗಳ ‘ಮೇಲೆ’ ರಿಯಾಯಿತಿ ಎಂಬುದೇ ಇಂಗ್ಲಿಷಿನಿಂದ ಬಂದ ಕಟ್ಟು. ನಮ್ಮ ಚತುರ್ಥಿ ವಿಭಕ್ತಿಯ ‘ಗೆ’ ಅದೇ ಕೆಲಸವನ್ನು 5 ಕ್ಯಾರೆಕ್ಟರ್ ಉಳಿಸಿ ಮಾಡಿಕೊಡುತ್ತದೆ. ಆ ದಿನದಿಂದ ನನಗೊಂದು ಅಭ್ಯಾಸವಾಗಿದೆ. ಮಿತಿ ಮೀರಿದಾಗ ಮೊದಲು ಕತ್ತರಿ ಹಾಕುವುದು ಅನುವಾದದ ವಾಸನೆ ಬರುವ ಕಡೆಗೆ. ‘ಖರೀದಿಸಿಕೊಳ್ಳಬಹುದಾಗಿದೆ’ ಎಂಬ ಒಂದೇ ಪದ 21 ಕ್ಯಾರೆಕ್ಟರ್ ನುಂಗುತ್ತದೆ, ‘ಕೊಳ್ಳಿ’ಗೆ 6 ಸಾಕು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಒಮ್ಮೆ ಕುತೂಹಲಕ್ಕೆಂದು ಎಣಿಸಿದೆ. 25 ಬಂತು, ಗೂಗಲಿನ ಶೀರ್ಷಿಕೆಯ ಹಾಸಿಗೆಯಲ್ಲಿ ಇನ್ನೂ ಐದು ಖಾಲಿ.

ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರಿನ ಕತೆ ಇದಕ್ಕಿಂತ ಸುಲಭದ್ದು. 2006ರಲ್ಲಿ ಆರಂಭವಾದ ಆ ತಾಣ ಎಸ್ಸೆಮ್ಮೆಸ್ಸಿನ 160ರಲ್ಲಿ ಬಳಕೆದಾರರ ಹೆಸರಿಗೆಂದು 20 ತೆಗೆದಿಟ್ಟು 140 ಎಂಬ ಮಿತಿ ಹಾಕಿಕೊಂಡಿತ್ತು. 2017ರ ನವೆಂಬರಿನಲ್ಲಿ ಅದನ್ನು 280ಕ್ಕೆ ಏರಿಸಿತು. ಚೀನೀ, ಜಪಾನೀ, ಕೊರಿಯನ್ ಲಿಪಿಗಳಲ್ಲಿ ಪ್ರತಿ ಸಂಕೇತವನ್ನೂ ಎರಡೆಂದು ಎಣಿಸುವುದರಿಂದ ಆ ಭಾಷೆಗಳವರಿಗೆ 140 ಹಾಗೆಯೇ ಉಳಿಯಿತು. ಕನ್ನಡದ ಸಂಕೇತ ಒಂದಕ್ಕೆ ಒಂದೇ, ಹಾಗಾಗಿ ನಮಗೆ ಪೂರ್ತಿ 280 ಸಿಕ್ಕಿತು. ಮೇಲಿನ ಶೀರ್ಷಿಕೆಯಲ್ಲಿ 22 ಅಕ್ಷರಕ್ಕೆ 50 ಬಂದ ಲೆಕ್ಕವನ್ನೇ ಹಿಡಿದರೆ ಅದು ನೂರಿಪ್ಪತ್ತು ಚಿಲ್ಲರೆ ಅಕ್ಷರವಾಗುತ್ತದೆ. ಒಂದು ವಿಷಯ, ಒಂದು ಕೊಂಕು, ಒಂದು ಕೊಂಡಿ ಹಿಡಿಸಲು ಅಷ್ಟು ಧಾರಾಳ. ಕೊಂಡಿ ಎಷ್ಟೇ ಉದ್ದವಿದ್ದರೂ ಅದಕ್ಕೆ 23 ಎಂದೇ ಲೆಕ್ಕ.

ಆದರೆ ಉದ್ದದ ವಿಚಾರದಲ್ಲಿ ನನಗೆ ನಿಜವಾದ ಪಾಠ ಕಲಿಸಿದ್ದು ಗರಿಷ್ಠ ಮಿತಿಯಲ್ಲ, ಪೋಸ್ಟನ್ನು ಮಡಚುವ ಜಾಗ. ಇನ್‌ಸ್ಟಾಗ್ರಾಮ್ 2,200 ಕ್ಯಾರೆಕ್ಟರ್ ಬರೆಯಲು ಬಿಡುತ್ತದೆ, ಲಿಂಕ್ಡ್‌ಇನ್ 3,000; ಆದರೆ ಓದುಗರ ಫೋನಿನಲ್ಲಿ ಮೊದಲ ಎರಡು-ಮೂರು ಸಾಲಷ್ಟೇ ಕಂಡು ಉಳಿದದ್ದು ‘ಇನ್ನಷ್ಟು’ ಎಂಬ ಗುಂಡಿಯ ಹಿಂದೆ ಅಡಗುತ್ತದೆ. ಫೇಸ್‌ಬುಕ್ ಜಾಹೀರಾತಿನ ಬರಹಕ್ಕೆ ಬಹುಕಾಲದಿಂದ ಹೇಳಿಕೊಂಡು ಬಂದ 125 ಎಂಬ ಸಂಖ್ಯೆಯೂ ಈ ಮಡಿಕೆಯನ್ನು ಗಮನದಲ್ಲಿಟ್ಟುಕೊಂಡದ್ದೇ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬಂದುಬಿಡುವುದರಿಂದ ವಾಕ್ಯದ ಬಾಲ ಕತ್ತರಿಸಿದರೂ ವಿಷಯ ತಿಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ನಿಷೇಧ ಕೊನೆಯ ಕೊನೆಗೆ. ಹೌದೋ ಅಲ್ಲವೋ ಎಂಬುದನ್ನು ತಿಳಿಯಲು ಪೂರ್ಣವಿರಾಮದವರೆಗೆ ಕಾಯಬೇಕು.

ಅದೇ ಅಂಗಡಿಗೆ ಒಮ್ಮೆ ಹೀಗೊಂದು ಸೂಚನೆ ಬರೆದುಕೊಟ್ಟಿದ್ದೆ: ‘ಮಹಾಲಯ ಅಮಾವಾಸ್ಯೆಯ ದಿನವಾದ ಬುಧವಾರ ನಮ್ಮ ಜಯನಗರ ಹಾಗೂ ಮಲ್ಲೇಶ್ವರದ ಎರಡೂ ಮಳಿಗೆಗಳು ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಎಂದಿನಂತೆ ತೆರೆದಿರುವುದಿಲ್ಲ.’ ಪೂರ್ಣವಿರಾಮ ಬಿಟ್ಟು 134 ಕ್ಯಾರೆಕ್ಟರ್. ನೂರಿಪ್ಪತ್ತೈದನೆಯದು ಬೀಳುವುದು ಸರಿಯಾಗಿ ‘ತೆರೆದಿ’ ಎಂಬಲ್ಲಿ. ಅಲ್ಲಿಗೆ ಮಡಚಿಕೊಂಡು ಮೂರು ಚುಕ್ಕೆ ಬಿದ್ದ ಆ ಸೂಚನೆಯನ್ನು ನೋಡಿದವರೆಲ್ಲ ಅಂಗಡಿ ತೆರೆದಿದೆ ಎಂದೇ ಓದಿಕೊಂಡರು. ಬುಧವಾರ ಮುಚ್ಚಿದ ಬಾಗಿಲಿನ ಮುಂದೆ ನಿಂತು ಯಜಮಾನರಿಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ತಪ್ಪು ತಾಣದ್ದಲ್ಲ, ಪೂರ್ತಿ ನನ್ನದು. ‘ಬುಧವಾರ ರಜೆ’ ಎಂದು 10 ಕ್ಯಾರೆಕ್ಟರಿನಲ್ಲಿ ಹೇಳಿಬಿಟ್ಟು, ಆಮೇಲೆ ಅಮಾವಾಸ್ಯೆ, ಜಯನಗರ, ಮಲ್ಲೇಶ್ವರಗಳನ್ನು ನಿಧಾನವಾಗಿ ವಿವರಿಸಬಹುದಿತ್ತು.

ಹಾಗಾಗಿ ಪೋಸ್ಟಿನ ‘ಆದರ್ಶ ಉದ್ದ’ ಎಷ್ಟೆಂದು ಯಾರಾದರೂ ಕೇಳಿದರೆ ನಾನು ಒಟ್ಟು ಉದ್ದದ ಮಾತನ್ನೇ ಎತ್ತುವುದಿಲ್ಲ. ಮೊದಲ ವಾಕ್ಯ 60-70 ಕ್ಯಾರೆಕ್ಟರಿನೊಳಗೆ ಕ್ರಿಯಾಪದಸಮೇತ ಮುಗಿದಿರಲಿ ಎಂದಷ್ಟೇ ಹೇಳುತ್ತೇನೆ. ಆಮೇಲಿನದು ಬರೆಯುವವರ ಕಸುವಿಗೆ ಬಿಟ್ಟದ್ದು. ಕನ್ನಡಿಗರು ಉದ್ದದ ಬರಹ ಓದುವುದಿಲ್ಲ ಎಂಬ ಏಜೆನ್ಸಿಗಳ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಊರಿನ ನೆನಪು, ಅಡುಗೆ, ಪ್ರವಾಸಗಳನ್ನು ಪುಟಗಟ್ಟಲೆ ಬರೆದವರಿಗೂ ಕೊನೆಯವರೆಗೆ ಓದಿ ತಕರಾರು ತೆಗೆಯುವ ಓದುಗರು ಸಿಕ್ಕೇ ಸಿಗುತ್ತಾರೆ.

ಎಸ್ಸೆಮ್ಮೆಸ್ಸಿನಲ್ಲಿ ಮಾತ್ರ ಉದ್ದವೆಂದರೆ ನೇರವಾಗಿ ದುಡ್ಡು. ಒಂದು ಸಂದೇಶದಲ್ಲಿ 140 ಬೈಟ್ ಜಾಗವಿದೆ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾಗುವುದರಿಂದ ಅದರಲ್ಲಿ 160 ಹಿಡಿಸುತ್ತವೆ. ಕನ್ನಡದ ಪ್ರತಿ ಸಂಕೇತಕ್ಕೆ 16 ಬಿಟ್ ಬೇಕು, ಹಾಗಾಗಿ 70. ಸಂದೇಶ 70 ದಾಟಿದರೆ ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಕೊಡಬೇಕಾಗಿ ಒಂದು ತುಂಡಿಗೆ 67 ಮಾತ್ರ ಉಳಿಯುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಅಥವಾ ₹ ಚಿಹ್ನೆ ಸೇರಿದರೂ ಇಡೀ ಸಂದೇಶ ಈ ಲೆಕ್ಕಕ್ಕೆ ಬೀಳುತ್ತದೆ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ 7 ಬಿಟ್‌ನ ಪ್ರತ್ಯೇಕ ಕೋಷ್ಟಕಗಳನ್ನು ಮೊಬೈಲ್ ಮಾನಕದಲ್ಲಿ ಸೇರಿಸಿ ಬಹಳ ವರ್ಷಗಳೇ ಆಗಿವೆ. ಆದರೆ ನಾನು ಬಳಸಿದ ಯಾವ ಸಗಟು ಸಂದೇಶ ಸೇವೆಯಲ್ಲಿಯೂ ಅವು ಕಣ್ಣಿಗೆ ಬಿದ್ದಿಲ್ಲ.

ನಮ್ಮ ಸೀರೆ ಅಂಗಡಿಯ ಯಜಮಾನರು ಹಬ್ಬಕ್ಕೆಂದು ತಾವೇ 150 ಕ್ಯಾರೆಕ್ಟರಿನ ಕನ್ನಡ ಸಂದೇಶ ಬರೆದು ಹಳೆಯ ಗ್ರಾಹಕರಿಗೆಲ್ಲ ಕಳಿಸಿಬಿಟ್ಟಿದ್ದರು. ಬಿಲ್ಲು ಬಂದ ದಿನ ನನ್ನನ್ನು ಕರೆದು, “ಏನ್ ಸ್ವಾಮಿ, ಒಂದು ಮೆಸೇಜಿಗೆ ಮೂರು ಮೆಸೇಜಿನ ದುಡ್ಡು ಹಾಕಿದ್ದಾರಲ್ಲ?” ಎಂದರು. ಎರಡು ತುಂಡಿಗೆ 134, ಉಳಿದ 16ಕ್ಕಾಗಿ ಮೂರನೆಯ ತುಂಡು ಎಂದು ಕಾಗದದ ಮೇಲೆ ಬಿಡಿಸಿ ತೋರಿಸಿದೆ. ಮುಂದಿನ ವರ್ಷ ನಾನು ಬರೆದದ್ದು: ‘ದೀಪಾವಳಿಗೆ ರೇಷ್ಮೆ ಸೀರೆಗೆ ಶೇ 20 ರಿಯಾಯಿತಿ. ಭಾನುವಾರವೂ ಅಂಗಡಿ ತೆರೆದಿದೆ.’ ಒಟ್ಟು 65. ಹೆಮ್ಮೆಯಿಂದ ತೋರಿಸಿದರೆ ಯಜಮಾನರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, “ಎಲ್ಲ ಸರಿ, ಅಂಗಡಿ ಹೆಸರೆಲ್ಲಿ?” ಎಂದು ಕೇಳಿದರು.

ಆ ಹೆಸರಿಗೇ 19 ಬೇಕು. ವಾಣಿಜ್ಯ ಸಂದೇಶಗಳ ಪಠ್ಯವನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕೆಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮವಿರುವುದರಿಂದ ಕೊನೆಯ ಗಳಿಗೆಯಲ್ಲಿ ತಿದ್ದಿಕೊಳ್ಳೋಣವೆನ್ನುವ ಹಾಗೂ ಇರಲಿಲ್ಲ. ಕುಳಿತು ಮಾತಾಡಿ ಎರಡನೆಯ ವಾಕ್ಯವನ್ನು ಪೂರ್ತಿ ತೆಗೆದೆವು, ಹೆಸರು ಸೇರಿಸಿದೆವು, 59ಕ್ಕೆ ನಿಂತಿತು. ಭಾನುವಾರದ ವಿಷಯವನ್ನು ಅವರು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಗಡಿಯ ಬಾಗಿಲಿಗೆ ತೂಗುಹಾಕಿದರು.